ಹಿಂದಿನಿಂದ ಬರೆದ ನೋಟುಪುಸ್ತಕ

ಆ ಶನಿವಾರದ ಡೈರಿಯಲ್ಲಿ ಇರುವುದು ಇಷ್ಟೇ: ‘ಅಜ್ಜಂಪುರ. ಹಳೆಯ ನೋಟುಪುಸ್ತಕಗಳ ಕೆಲಸ ಮುಗಿಯಿತು. ತಲೆಯ ಮೇಲಿನ ಹೊರೆ ಇಳಿದಂತಾಯಿತು. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿತು.’ ನನ್ನ ನೆನಪು ಬೇರೆಯೇ ಹೇಳುತ್ತದೆ. ಪುಸ್ತಕಗಳನ್ನು ನೀರಿಗೆ ಹಾಕುವ ಮೊದಲು ನಾನು ಸ್ವಲ್ಪ ಹೊತ್ತು ಹಿಂಜರಿದೆನಂತೆ, ಒಂದನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟೆನಂತೆ. ಡೈರಿಯಲ್ಲಿ ಆ ಹಿಂಜರಿಕೆಯ ಸುಳಿವೇ ಇಲ್ಲ. ಬಸ್ಸಿನ ಸೀಟಿನ ಬಗ್ಗೆ ಬರೆದುಕೊಂಡವಳು ಅದನ್ನು ಬಿಟ್ಟಿರುತ್ತಿದ್ದೆನೇ? ಆಮೇಲೆ ಬೇಕಾದಾಗ ನಾನೇ ಅದನ್ನು ಸೇರಿಸಿಕೊಂಡಿರಬೇಕು.

ನಾನು ಮಾತಿನ ಚಿಕಿತ್ಸೆ ಮಾಡುವವಳು. ಲಕ್ವ ಹೊಡೆದು ಮಾತು ನಿಂತವರು, ತೊದಲುವ ಮಕ್ಕಳು, ಐದು ವರ್ಷವಾದರೂ ಬಾಯಿ ಬಿಡದ ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಸೋಮವಾರ, ಗುರುವಾರ ಕಡೂರು. ಮಂಗಳವಾರ, ಶುಕ್ರವಾರ ತರೀಕೆರೆ. ಬುಧವಾರ, ಶನಿವಾರ ಅಜ್ಜಂಪುರ. ಮೂರೂ ಒಬ್ಬರೇ ಡಾಕ್ಟರಿಗೆ ಸೇರಿದ ಸಣ್ಣ ಕ್ಲಿನಿಕ್ಕುಗಳು. ಅವರು ಕೈಕಾಲಿನ ವ್ಯಾಯಾಮ ನೋಡಿಕೊಳ್ಳುತ್ತಾರೆ, ನಾನು ಬಾಯಿ ನೋಡಿಕೊಳ್ಳುತ್ತೇನೆ. ಜನ ನನ್ನನ್ನು ಮಾತಿನ ಮೇಡಂ ಎನ್ನುತ್ತಾರೆ.

ನನಗಿಂತ ಮೊದಲು ಆ ಕೆಲಸದಲ್ಲಿದ್ದವರು ಒಂದು ಪದ್ಧತಿ ಮಾಡಿಟ್ಟು ಹೋಗಿದ್ದರು. ಪ್ರತಿಯೊಬ್ಬ ರೋಗಿಗೂ ನೂರು ಪುಟದ ಒಂದು ಗೆರೆಪುಸ್ತಕ. ಅದು ಕ್ಲಿನಿಕ್ಕಿನಲ್ಲಿ ಇರುತ್ತಿರಲಿಲ್ಲ, ರೋಗಿಯ ಜೊತೆಗೇ ಮನೆಗೆ ಹೋಗಿ ಮುಂದಿನ ವಾರ ವಾಪಸು ಬರುತ್ತಿತ್ತು. ಮುಂದಿನ ಪುಟದಿಂದ ನಾನು ಬರೆಯಬೇಕು: ಇವತ್ತು ಏನು ಮಾಡಿಸಿದೆ, ಎಷ್ಟು ಬಂತು. ಅದೇ ಪುಸ್ತಕವನ್ನು ತಿರುವಿ ಹಾಕಿ ಹಿಂದಿನ ಪುಟದಿಂದ ಮನೆಯವರು ಬರೆಯಬೇಕು: ಮನೆಯಲ್ಲಿ ಯಾವ ಮಾತು ಬಂತು, ಯಾವಾಗ ಬಂತು. ಎರಡು ಕೈಬರಹಗಳೂ ನಡುವಿನ ಪಿನ್ನಿನ ಹತ್ತಿರ ಸೇರಿದಾಗ ಹೊಸ ಪುಸ್ತಕ. ಹೆಚ್ಚಿನ ಮನೆಯವರು ಎರಡು ವಾರ ಬರೆದು ಬಿಡುತ್ತಿದ್ದರು. ಬಿಡದೆ ಬರೆದವರಲ್ಲಿ ಒಬ್ಬರು ಸಿಂಗಟಗೆರೆಯಿಂದ ಬರುತ್ತಿದ್ದ ಅಮ್ಮ.

ಅವರ ಗಂಡ ಊರಿನ ಕೆರೆಯ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ಕೆಲಸ. ಅಂದರೆ ಇಡೀ ಆಯುಷ್ಯ ಏರಿಯ ಮೇಲೆ ನಿಂತು ಕೂಗಿದವರು. ಲಕ್ವ ಹೊಡೆದ ಮೇಲೆ ಬಲಗೈ ಮತ್ತು ಮಾತು ಎರಡೂ ಹೋಗಿದ್ದವು. ಹೇಳಿದ್ದು ಅವರಿಗೆ ಅರ್ಥವಾಗುತ್ತಿತ್ತು, ಹೇಳಬೇಕೆಂದದ್ದು ಬಾಯಿಗೆ ಬರುತ್ತಿರಲಿಲ್ಲ. ನಾನು ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಹಿಡಿಯುತ್ತಿದ್ದೆ. ತಟ್ಟೆ, ಛತ್ರಿ, ಗಡಿಯಾರ, ಬೀಗ. ಅವರು ಕಾರ್ಡನ್ನು ನೋಡಿ, ನನ್ನನ್ನು ನೋಡಿ, ತಲೆ ತಗ್ಗಿಸುತ್ತಿದ್ದರು.

ನಾಲ್ಕನೇ ಕ್ಲಾಸಿನವರೆಗೆ ಓದಿದ ಆ ಅಮ್ಮ ಹಿಂದಿನ ಪುಟಗಳಲ್ಲಿ ದಪ್ಪ ಅಕ್ಷರದಲ್ಲಿ, ಎರಡು ಗೆರೆಗೆ ಒಂದು ಸಾಲಿನಂತೆ ಬರೆಯುತ್ತಿದ್ದರು. ಒಂದೆರಡು ಸಾಲು ನನಗೆ ಈಗಲೂ ಗೊತ್ತು, ಏಕೆಂದರೆ ಅವತ್ತು ನಗು ಬಂದು ಡೈರಿಗೆ ಇಳಿಸಿಕೊಂಡಿದ್ದೆ. ‘ಸ್ವಾಮಾರ. ಎಮ್ಮೆ ಹಗ್ಗ ಬಿಚ್ಕಂಡು ಹೊಂಟಿತ್ತು. ಹಿಡ್ಕ ಅಂದ್ರು.’ ಇನ್ನೊಂದು: ‘ಸಾರಿಗೆ ನೀರು ಜಾಸ್ತಿ ಹಾಕ್ತಿದ್ದೆ. ಸಾಕು ಅಂದ್ರು. ಎಲ್ಡು ಸಲ.’ ಅವರ ಮೊದಲ ಮಾತು ಆ ‘ಸಾಕು’ ಎಂದೇ ನನ್ನ ಎಣಿಕೆ. ಗದ್ದೆ ತುಂಬಿದಾಗ ಏರಿಯ ಮೇಲಿನಿಂದ ಅವರು ಕೂಗುತ್ತಿದ್ದ ಮಾತು ಅದು ಎಂದು ಅಮ್ಮ ಹೇಳಿದ್ದರು.

ಇಳಿಸಿಕೊಂಡದ್ದು ಮೆಚ್ಚಿಯಲ್ಲ. ನಗು ಬಂದು ಎಂದು ಮೇಲೆ ಬರೆದಿದ್ದೇನೆ, ಅದು ನಿಜ. ಯೂನಿವರ್ಸಿಟಿಯಲ್ಲಿ ಅಳತೆಗೆ ಅಳತೆಪಟ್ಟಿ ಇರಬೇಕು ಎಂದು ಕಲಿತು ಬಂದವಳು ನಾನು. ಎಮ್ಮೆ, ಸಾರು, ಹಗ್ಗ ಎಲ್ಲ ಅಳತೆಯ ಒಳಗೆ ಬರುತ್ತಿರಲಿಲ್ಲ. ಅಮ್ಮ ಪುಸ್ತಕ ಕೊಟ್ಟಾಗ ಹಿಂದಿನ ಪುಟಗಳನ್ನು ಬೇಗಬೇಗ ತಿರುವಿ, ‘ಚೆನ್ನಾಗಿ ಬರೀತಿದೀರ’ ಎಂದು ಮುಂದಿನ ಪುಟಕ್ಕೆ ಬರುತ್ತಿದ್ದೆ. ನನ್ನ ಕಾರ್ಡಿನ ಎದುರು ತುಟಿ ಬಿಚ್ಚದ ಮನುಷ್ಯ ಮನೆಯಲ್ಲಿ ಎಮ್ಮೆಗಾಗಿ ಮಾತಾಡಿದ್ದು ನನಗೆ ಸ್ವಲ್ಪ ಚುಚ್ಚಿತ್ತು ಎಂದೂ ಈಗ ಅನಿಸುತ್ತದೆ. ಇದು ಡೈರಿಯಲ್ಲಿ ಇಲ್ಲ.

ಮೂರು ಕ್ಲಿನಿಕ್ಕುಗಳಿಗೂ ಕಂಪ್ಯೂಟರ್ ದಾಖಲೆ ಬೇಕೆಂದು ಡಾಕ್ಟರು ಹೊರಟಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ. ಕಾರಣವೂ ಇತ್ತು. ರೋಗಿ ಒಂದು ವಾರ ತರೀಕೆರೆಗೆ, ಇನ್ನೊಂದು ವಾರ ಕಡೂರಿಗೆ ಬರುತ್ತಿದ್ದ. ಪುಸ್ತಕ ಮನೆಯಲ್ಲೇ ಮರೆತು ಬರುತ್ತಿದ್ದ. ಮಗು ಅದರ ಮೇಲೆ ಕಾಫಿ ಚೆಲ್ಲಿರುತ್ತಿತ್ತು. ಇನ್ನು ಮೇಲೆ ಒಂದು ಟ್ಯಾಬ್, ಮೂರೂ ಕಡೆ ಅದೇ ದಾಖಲೆ. ಸಾಫ್ಟ್‌ವೇರ್ ಮಾಡಿಕೊಡುವವರು ಫೋನಿನಲ್ಲಿ, ‘ನಿಮ್ಮ ವಿಭಾಗಕ್ಕೆ ಏನೇನು ಕಾಲಂ ಬೇಕು ಹೇಳಿ ಮೇಡಂ’ ಎಂದು ಕೇಳಿದಾಗ ನಾನು ಮೊದಲೇ ಬರೆದಿಟ್ಟುಕೊಂಡ ಪಟ್ಟಿ ಓದಿದೆ. ದಿನಾಂಕ. ಮಾಡಿಸಿದ ಅಭ್ಯಾಸ. ಅಂಕ. ತಾನಾಗಿ ಆಡಿದ ಪದಗಳ ಸಂಖ್ಯೆ. ಷರಾ. ಷರಾಕ್ಕೆ ಎಷ್ಟು ಜಾಗ ಬೇಕು ಎಂದರು. ಒಂದು ಸಾಲು ಸಾಕು ಎಂದೆ. ಮನೆಯವರು ಬರೆಯುವುದಕ್ಕೆ ಏನಾದರೂ ಬೇಕೇ ಎಂದು ಅವರು ಕೇಳಲಿಲ್ಲ. ಅವರಿಗೆ ಅಂಥದ್ದೊಂದು ಇದೆಯೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಎಲ್ಲರಿಗೂ ಪುಸ್ತಕ ತಂದುಕೊಡಲು ಹೇಳಿದೆವು. ಸಿಂಗಟಗೆರೆಯ ಅಮ್ಮ ತಂದದ್ದು ಎರಡನೆಯ ಪುಸ್ತಕವನ್ನು, ಮೊದಲನೆಯದನ್ನು ಅದರ ಜೊತೆಗೇ ಹೊಲಿದುಬಿಟ್ಟಿದ್ದರು. ಹಳೆಯ ಕ್ಯಾಲೆಂಡರಿನ ಹಾಳೆಯ ರಟ್ಟು. ಕೊಡುವಾಗ ಕೈ ಹಿಂದೆ ಎಳೆದುಕೊಂಡರು.

‘ಇದು ನಮ್ಮನೇಲೇ ಇರ್ಲಿ ಬಿಡಿ ಮೇಡಂ. ನಿಮ್ಗೆ ಬೇಕಾದ್ದು ನೋಡ್ಕಂಡು ಕೊಡಿ.’

‘ಇನ್ನು ಪುಸ್ತಕ ಬೇಡಮ್ಮ. ಎಲ್ಲಾ ಇದರೊಳಗೇ ಬರುತ್ತೆ’ ಎಂದು ಟ್ಯಾಬ್ ತೋರಿಸಿದೆ.

‘ಎಲ್ಲಾನೂ?’

‘ಎಲ್ಲಾನೂ.’

ಅವರು ಗಂಡನ ಕಡೆ ತಿರುಗಿದರು. ‘ನೋಡಿ, ನಿಮ್ಮ ಮಾತೆಲ್ಲ ಈ ಹಲಗೇಲಿ ಇಡ್ತಾರಂತೆ. ಇನ್ನು ನಂಗೆ ಬರೆಯೋ ಕಾಟ ತಪ್ತು.’ ನೀರುಗಂಟಿ ಎಡಗೈ ಎತ್ತಿ ‘ಹೂಂ’ ಎಂದರು. ಅಮ್ಮ ನನಗೆ ಹೇಳಿದರು, ‘ಜೋಪಾನ ಕಣ್ರವ್ವ.’ ಈ ಮಾತುಕತೆ ಹೀಗೇ ನಡೆಯಿತು ಎಂದು ಆಣೆ ಮಾಡಲಾರೆ. ‘ಎಲ್ಲಾನೂ’ ಎಂಬ ಎರಡು ಮಾತು ಮಾತ್ರ ಖಂಡಿತ.

ಅಜ್ಜಂಪುರದ ಕ್ಲಿನಿಕ್ಕಿನ ಹಿಂದೆ ಒಂದು ಖಾಲಿ ಕೋಣೆಯಿತ್ತು. ಮೂರು ಕಡೆಯ ಪುಸ್ತಕಗಳನ್ನೂ ಅಲ್ಲಿಗೆ ತಂದು, ರೋಗಿಗಳು ಕಡಿಮೆಯಿದ್ದ ಶನಿವಾರಗಳಲ್ಲಿ ಒಂದೊಂದೇ ತೆರೆದು ಟೈಪ್ ಮಾಡಿದೆ. ಮುಂದಿನಿಂದ ತೆರೆಯುತ್ತಿದ್ದೆ, ನನ್ನ ಬರಹ ಮುಗಿದಲ್ಲಿಗೆ ಮುಚ್ಚುತ್ತಿದ್ದೆ. ಆ ಅಮ್ಮನದನ್ನು ಮಾತ್ರ ಒಂದು ಸಲ ತಿರುವಿದೆ, ಪದಗಳನ್ನು ಎಣಿಸುವುದಕ್ಕೆ. ನಲವತ್ತಮೂರು. ಅದನ್ನು ಕಾಲಮ್ಮಿನಲ್ಲಿ ತುಂಬಿದೆ. ಫೋನಿನಲ್ಲಿ ಆ ಪುಟಗಳ ಫೋಟೊ ತೆಗೆದಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಎಷ್ಟು ಹೊತ್ತು ಬೇಕಿತ್ತು ಎಂದು ಎಷ್ಟೋ ಸಲ ಮನಸ್ಸಿನಲ್ಲೇ ಮಾಡಿ ನೋಡಿದ್ದೇನೆ. ಕಾಲು ಗಂಟೆ.

ರೋಗಿಗಳ ವಿಷಯ ಬೇರೆಯವರ ಕೈಗೆ ಸಿಗಬಾರದು, ರದ್ದಿಗೆ ಹಾಕಬೇಡಿ, ನಾಶಮಾಡಿ ಎಂದು ಡಾಕ್ಟರು ಹೇಳಿದ್ದರು. ಚಿಕಿತ್ಸೆ ಮುಗಿದವರ ಪುಸ್ತಕಗಳನ್ನು ಉದ್ದೇಶಿಸಿ ಹೇಳಿದ್ದು. ಈಗಲೂ ಬರುತ್ತಿರುವವರದನ್ನು ವಾಪಸು ಕೊಡಬಹುದಿತ್ತು. ಕೊಟ್ಟರೆ ಮತ್ತೆ ತರುತ್ತಾರೆ, ಮತ್ತೆ ನಾನು ಓದಬೇಕು ಎಂದು ಎಲ್ಲವನ್ನೂ ಒಂದೇ ರಾಶಿಗೆ ಹಾಕಿದವಳು ನಾನು. ಹಿತ್ತಿಲಿನಲ್ಲಿ ಸುಡಲು ಹೊರಟಾಗ ಕಸ ಗುಡಿಸುವ ಆಯಮ್ಮ ತಡೆದರು.

‘ಬೆಂಕಿ ಬ್ಯಾಡ ಕಣ್ರೀ. ಗೋಡೆ ಆಚೆಗೆ ಹುಲ್ಲಿನ ಬಣವೆ ಐತೆ. ಹತ್ಕಂಡ್ರೆ ನಿಮ್ಮ ಕಂಪ್ಯೂಟ್ರು ಬಂದು ಆರಿಸ್ತದಾ?’

‘ಮತ್ತೇನು ಮಾಡೋದು?’

‘ನೀರಿಗೆ ಹಾಕಿ. ಎಲ್ಡು ದಿನ ನೆಂದ್ರೆ ಅಕ್ಷರ ಯಾವ್ದು, ಹಾಳೆ ಯಾವ್ದು ಅಂತ ದೇವರಿಗೂ ಗೊತ್ತಾಗಲ್ಲ. ಆಮೇಕೆ ನಂಗೆ ಕೊಡಿ. ನಮ್ಮನೆ ಮೊರ ಎಲ್ಲ ಕಿತ್ತೋಗವೆ.’

ಇಲ್ಲಿನ ಮನೆಗಳಲ್ಲಿ ಬಿದಿರಿನ ಮೊರ ಹಳತಾಗಿ ಸಂದು ಬಿಟ್ಟರೆ, ನೆನೆಸಿದ ಕಾಗದವನ್ನು ಮೆಂತ್ಯದ ಜೊತೆ ರುಬ್ಬಿ ಬಳಿಯುತ್ತಾರೆ. ಒಣಗಿದರೆ ಗಟ್ಟಿ, ರಾಗಿ ಕಾಳೂ ಸೋರುವುದಿಲ್ಲ. ನನಗೂ ಒಳ್ಳೆಯ ಉಪಾಯ ಎನಿಸಿತು. ಇಬ್ಬರೂ ಸೇರಿ ಪಿನ್ನು ಕಿತ್ತು, ಹಾಳೆ ಹರಿದು, ನೀಲಿ ಡ್ರಮ್ಮಿಗೆ ಹಾಕಿದೆವು. ಆ ಅಮ್ಮನ ಪುಸ್ತಕದ ಹೊಲಿಗೆ ಬಿಚ್ಚಲು ಬ್ಲೇಡು ಬೇಕಾಯಿತು. ಡ್ರಮ್ಮಿನ ನೀರು ಬುಧವಾರದ ಹೊತ್ತಿಗೆ ತಿಳಿನೀಲಿಯಾಗಿತ್ತು. ಒಂದು ತಿಂಗಳ ಮೇಲೆ ಆಯಮ್ಮ ನನಗೂ ಒಂದು ಪುಟ್ಟ ಮೊರ ತಂದುಕೊಟ್ಟರು. ‘ನಿಮ್ಮ ಪುಸ್ತಕದ್ದೇ ಮೇಡಂ, ಬೆಳ್ಳುಳ್ಳಿ ಹಾಕ್ಕಳಿ.’ ಹಾಕಿಕೊಂಡೆ.

ಆಮೇಲೆ ಸುಮಾರು ಒಂದು ವರ್ಷ ಎಲ್ಲ ಸರಾಗ. ನೀರುಗಂಟಿಯವರು ಬರುವುದು ಕಡಿಮೆಯಾಯಿತು, ಮಾತು ಬೇಕಾದಷ್ಟು ಬಂದಿತ್ತು. ಒಂದು ಗುರುವಾರ ಕಡೂರಿನ ಕ್ಲಿನಿಕ್ಕಿಗೆ ಆ ಅಮ್ಮ ಒಬ್ಬರೇ ಬಂದರು. ಗಂಡನಿಗೆ ಎರಡನೆಯ ಸಲ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬಂದು ಹತ್ತು ದಿನ. ಬಂದ ಮಾತೆಲ್ಲ ಮತ್ತೆ ಹೋಗಿತ್ತು.

‘ಅವರನ್ನ ಸ್ವಾಮಾರ ಕರ್ಕಂಡ್ ಬತ್ತೀನಿ’ ಎಂದರು. ‘ಅಷ್ಟರಲ್ಲಿ ಮನೇಲಿ ಸುರು ಮಾಡಾನ ಅಂತ. ನಮ್ಮ ಪುಸ್ತಕ ಕೊಡಿ ಮೇಡಂ. ಹೆಂಗ್ ಬಂದಿದ್ವೋ ಹಂಗೇ ಒಂದೊಂದೇ ಹೇಳಿಸ್ತೀನಿ. ಸಾಕು ಅನ್ನೋದು ಮೊದ್ಲು, ಹಿಡ್ಕ ಅನ್ನೋದು ಆಮೇಲೆ. ಮುಂದಿಂದು ನಂಗೆ ಸಾಲಾಗಿ ನೆನಪಿಲ್ಲ. ಬರ್ದಿದ್ನಲ್ಲ ಅಂತ ಮರ್ತ್‌ಬಿಟ್ಟೆ.’

ನನ್ನ ಓದು ಹೇಳುವುದೂ ಅದನ್ನೇ: ಒಮ್ಮೆ ಮರಳಿ ಬಂದ ಮಾತಿನ ದಾರಿಯಲ್ಲೇ ಮತ್ತೆ ಪ್ರಯತ್ನಿಸಬೇಕು. ನಾಲ್ಕನೇ ಕ್ಲಾಸಿನ ಆ ಅಮ್ಮನಿಗೆ ಅದು ಯಾರೂ ಹೇಳದೆ ಗೊತ್ತಿತ್ತು. ನಾನು ಟ್ಯಾಬ್ ತೆರೆದೆ. ಅವರ ಗಂಡನ ಹೆಸರು, ವಯಸ್ಸು, ದಿನಾಂಕಗಳು. ‘ತಾನಾಗಿ ಆಡಿದ ಪದಗಳು: 43.’ ಷರಾ: ‘ಪ್ರಗತಿ ತೃಪ್ತಿಕರ.’ ಅಮ್ಮ ನನ್ನ ಪಕ್ಕಕ್ಕೆ ಬಂದು ಬಗ್ಗಿ ನೋಡಿದರು. ನಾನು ಪರದೆಯನ್ನು ಸ್ವಲ್ಪ ತಿರುಗಿಸಿದೆ.

‘ಇದರಲ್ಲಿದೆ ಅಮ್ಮ. ತೆಗೆದು ಪ್ರಿಂಟ್ ಮಾಡಿ ಸೋಮವಾರ ಕೊಡ್ತೀನಿ’ ಎಂದೆ.

ಯಾಕೆ ಹಾಗೆಂದೆ ಎಂದು ಕೇಳಿಕೊಂಡಾಗಲೆಲ್ಲ ಬೇರೆಬೇರೆ ಉತ್ತರ ಬರುತ್ತದೆ. ಅವರ ದುಃಖದ ಮೇಲೆ ಇನ್ನೊಂದು ಹೇರಬಾರದೆಂದು, ಎಂಬುದು ಚೆಂದದ ಉತ್ತರ. ಹೊರಗಿನ ಬೆಂಚಿನಲ್ಲಿ ಇನ್ನೂ ನಾಲ್ಕು ಜನ ಕೂತಿದ್ದರು, ಬಾಗಿಲು ತೆರೆದಿತ್ತು, ಎಂಬುದು ನಿಜದ ಹತ್ತಿರದ್ದು.

ಶುಕ್ರವಾರ ತರೀಕೆರೆಯಲ್ಲಿ ಒಬ್ಬ ರೋಗಿಗೂ ಇನ್ನೊಬ್ಬರಿಗೂ ನಡುವೆ ಒಂದು ಹಾಳೆ ಇಟ್ಟುಕೊಂಡು ಕೂತೆ. ಸಾಕು. ಹಿಡ್ಕ. ಡೈರಿಯಲ್ಲಿ ಇದ್ದವು ಆ ಎರಡೇ. ಉಳಿದವನ್ನು ನೆನಪಿಸಿಕೊಳ್ಳಲು ಹೊರಟೆ. ಮೊದಲ ಏಳೆಂಟು ಕಷ್ಟಪಟ್ಟು ಬಂದವು: ಬಾ, ತೂಬು, ಎಲೆ, ಬ್ಯಾಡ. ಆಮೇಲೆ ಆಶ್ಚರ್ಯವಾಗುವಷ್ಟು ಸಲೀಸಾಗಿ ಬರತೊಡಗಿದವು. ತಟ್ಟೆ. ಬೀಗ. ಬಾಳೆಹಣ್ಣು. ಅವು ದಪ್ಪ ಅಕ್ಷರದಲ್ಲಿ ಪುಟದ ಮೇಲೆ ಕಾಣುತ್ತಲೂ ಇದ್ದವು. ಅಷ್ಟು ಸಲೀಸಾಗಿ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು, ಬಂದಿತ್ತು ಕೂಡ. ನಲವತ್ತಮೂರು ತುಂಬಿದಾಗ ನಿಲ್ಲಿಸಿದೆ. ಲೆಕ್ಕ ತಾಳೆಯಾಗಬೇಕಿತ್ತಲ್ಲ. ಟೈಪ್ ಮಾಡಿ, ಮೇಲೆ ಕ್ಲಿನಿಕ್ಕಿನ ಹೆಸರು ಬರುವಂತೆ ಪ್ರಿಂಟ್ ತೆಗೆದೆ. ನೋಡಲು ಕಂಪ್ಯೂಟರೇ ಕೊಟ್ಟ ಹಾಗಿತ್ತು.

ಸೋಮವಾರ ಅಮ್ಮ ಗಂಡನ ಜೊತೆ ಬಂದು ಆ ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡರು. ಅವರು ಅದನ್ನು ಓದಲಿಲ್ಲ, ಕನ್ನಡಕ ತಂದಿರಲಿಲ್ಲ.

ಮೂರು ವಾರ ನೀರುಗಂಟಿಯವರಿಗೆ ಜ್ವರ, ಬರಲಿಲ್ಲ. ನಾಲ್ಕನೆಯ ವಾರ ಇಬ್ಬರೂ ಬಂದರು. ಅಮ್ಮನ ಕೈಯಲ್ಲಿ ಹೊಸ ನೋಟುಪುಸ್ತಕ, ಅದಕ್ಕೂ ಕ್ಯಾಲೆಂಡರಿನ ರಟ್ಟು. ನಾನು ಕೊಟ್ಟ ಪಟ್ಟಿಯನ್ನು ಮೊದಲ ಪುಟಗಳಲ್ಲಿ ತಮ್ಮ ಅಕ್ಷರದಲ್ಲಿ ನಕಲು ಮಾಡಿಕೊಂಡಿದ್ದರು. ಅರ್ಧಕ್ಕಿಂತ ಹೆಚ್ಚು ಪದಗಳ ಮೇಲೆ ಗೆರೆ ಎಳೆದಿದ್ದರು.

‘ಮೇಡಂ, ನಿಮ್ಮ ಕಂಪ್ಯೂಟ್ರು ಒಂದು ಯಡವಟ್ಟು ಮಾಡೈತೆ’ ಎಂದರು. ಸಿಟ್ಟಿನಿಂದಲ್ಲ, ಇಲ್ಲೊಂದು ನಲ್ಲಿ ಸೋರುತ್ತಿದೆ ನೋಡಿ ಎನ್ನುವ ಹಾಗೆ. ‘ತಟ್ಟೆ ಅಂತ ಐತೆ. ನಮ್ಮನೇಲಿ ಗಂಗಳ ಅಂತೀವಿ, ಇವ್ರ ಬಾಯಲ್ಲಿ ತಟ್ಟೆ ಅಂತ ನಾ ಕೇಳೇ ಇಲ್ಲ. ಛತ್ರಿ ಅಂತ ಐತೆ. ಮಳೆ ಬಂದ್ರೆ ಇವ್ರು ಗೋಣಿ ಕೊಪ್ಪೆ ಹಾಕ್ಕಂಡು ತೂಬಿನ ತಾವ ಹೋಗೋರು, ಛತ್ರಿ ಮನೇಲೇ ಇಲ್ಲ. ಗಡಿಯಾರ ಅಂತೆ. ಇವು ನಮ್ಮವಲ್ಲ. ಯಾರ್ದೋ ಸೇರ್ಕಂಡವೆ.’

ಅವರು ಗೆರೆ ಎಳೆದದ್ದೆಲ್ಲ ನನ್ನ ಕಾರ್ಡುಗಳು. ಮೇಜಿನ ಮೇಲೆ, ಅವರ ಮೊಣಕೈಯ ಪಕ್ಕದಲ್ಲೇ, ಅದೇ ಕ್ರಮದಲ್ಲಿ ಜೋಡಿಸಿಟ್ಟ ಹಾಗೇ ಇದ್ದವು. ಆ ಮನುಷ್ಯನ ಮಾತುಗಳು ಎಂದು ನನ್ನ ನೆನಪು ಕೊಟ್ಟದ್ದು ನಾನೇ ಅವರ ಮುಖಕ್ಕೆ ಹಿಡಿದಿದ್ದ ಚಿತ್ರಗಳನ್ನು.

‘ಹೌದೇನೋ, ಸಿಸ್ಟಂನಲ್ಲಿ ಒಂದೊಂದು ಸಲ ಹಾಗಾಗುತ್ತೆ’ ಎಂದೆ. ಇದನ್ನೂ ಬರೆಯಲೇಬೇಕು. ಸಿಕ್ಕಿಬಿದ್ದ ಮೇಲೂ ಹಾಗೆಂದೆ.

ಅಮ್ಮ ಅಲ್ಲಿಗೇ ಬಿಟ್ಟಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ. ಅವರು ಪುಸ್ತಕದ ಮೇಲೆ ಕೈಯಿಟ್ಟು ಹೇಳಿದರು, ‘ನಂಗೆ ಅದಲ್ಲ ಯೋಚ್ನೆ. ಇವು ಯಾವ್ದೋ ಮನೇರು ಕಷ್ಟಪಟ್ಟು ಬರ್ಸಿದ್ ಮಾತು. ಅವ್ರಿಗೆ ನಮ್ಮವು ಹೋಗಿರ್ತವೆ. ಅಲ್ಲೊಂದು ಹೆಂಗಸು ಕುಂತ್ಕಂಡು ಗಂಡನಿಗೆ ಗಂಗಳ ಅನ್ನು, ಗಂಗಳ ಅನ್ನು ಅಂತ ಕಾಟ ಕೊಡ್ತಿರ್ತಾಳೆ, ಪಾಪ. ಯಾರು ಅಂತ ಹುಡುಕಿ ಇವನ್ನ ಕೊಟ್‌ಬಿಡಿ ಮೇಡಂ. ನಾನೇ ನೀಟಾಗಿ ಬೇರೆ ಹಾಳೇಲಿ ಬರ್ಕಂಡು ಬಂದಿವ್ನಿ.’

ನಿಜವಾಗಿಯೂ ಬರೆದುಕೊಂಡು ಬಂದಿದ್ದರು. ನಾಲ್ಕಾಗಿ ಮಡಿಸಿದ ಹಾಳೆ. ತಟ್ಟೆ, ಛತ್ರಿ, ಗಡಿಯಾರ, ಬೀಗ. ಯಾವ ಮನೆಯಲ್ಲೂ ಯಾರೂ ಕಾಯುತ್ತಿರದ ಮಾತುಗಳು.

ಅದನ್ನು ಕೈಗೆ ತೆಗೆದುಕೊಳ್ಳಲು ನನ್ನಿಂದಾಗಲಿಲ್ಲ. ಹೇಳಿದೆ. ಎಷ್ಟು ನೆಟ್ಟಗೆ ಹೇಳಿದೆನೋ ತಿಳಿಯದು. ಡೈರಿಯಲ್ಲಿ ಅವತ್ತು ‘ಅಮ್ಮನಿಗೆ ಹೇಳಿದೆ’ ಎಂದಷ್ಟೇ ಇದೆ. ಇವು ಯಾರವೂ ಅಲ್ಲ, ನಾನೇ ಸೇರಿಸಿದ್ದು. ನಿಮ್ಮ ಪುಸ್ತಕ ಕಂಪ್ಯೂಟರಿನಲ್ಲಿ ಇಲ್ಲ. ಹಿಂದಿನ ಪುಟಗಳನ್ನು ನಾನು ಹಾಕಲೇ ಇಲ್ಲ.

‘ಪುಸ್ತಕ ಎಲ್ಲೈತೆ?’

‘ಇಲ್ಲ ಅಮ್ಮ. ನೆನೆಹಾಕಿಬಿಟ್ವಿ.’

‘ನೆನೆಹಾಕಿ?’

‘ಮೊರಕ್ಕೆ ಬಳಿದ್ರು.’

ಅವರು ಗಂಡನ ಕಡೆ ತಿರುಗಿ, ‘ಕೇಳಿದ್ರಾ, ನಿಮ್ಮ ಮಾತ್ನ ಮೊರಕ್ಕೆ ಬಳಿದವ್ರಂತೆ’ ಎಂದರು. ಧ್ವನಿಯಲ್ಲಿ ನಗು ಇತ್ತೋ ಇಲ್ಲವೋ, ನನಗೆ ನಗುವೆಂದೇ ಕೇಳಿಸಬೇಕೆಂಬ ಆಸೆ ಇದ್ದದ್ದರಿಂದ ಈ ವಿಷಯದಲ್ಲಿ ನನ್ನ ಸಾಕ್ಷಿ ನಂಬುವಂಥದ್ದಲ್ಲ. ನೀರುಗಂಟಿಯವರು ಎಡಗೈಯನ್ನು ತೊಡೆಯ ಮೇಲೆ ಒಂದು ಸಲ ತಿರುವಿದರು.

‘ನಾನೂ ಎಷ್ಟೋ ಪುಸ್ತಕ ಬಳಿದಿವ್ನಿ ಮೇಡಂ’ ಎಂದರು ಅಮ್ಮ. ‘ಮಕ್ಕಳವು. ಆದ್ರೆ ಬ್ಯಾಡವೇನ್ರಲಾ ಅಂತ ಒಂದ್ ಮಾತು ಕೇಳಿ ಬಳೀತಿದ್ದೆ.’

ಕ್ಷಮಿಸಿ ಎಂದೆ. ಅವರು ‘ಇವ್ರನ್ನ ನೋಡಿ, ಬಸ್ಸಿಗೆ ಹೊತ್ತಾಯ್ತದೆ’ ಎಂದರು. ಅವತ್ತಿನ ಅಭ್ಯಾಸ ಮಾಡಿಸಿದೆ. ಕಾರ್ಡುಗಳನ್ನು ಡ್ರಾಯರಿಗೆ ಹಾಕಿ, ಅಮ್ಮ ಗೆರೆ ಎಳೆಯದೆ ಬಿಟ್ಟ ಮಾತುಗಳಿಂದ ಶುರುಮಾಡಿದೆ. ನೀರುಗಂಟಿಯವರ ತುಟಿ ‘ಸ’ ಎನ್ನುವ ಕಡೆಗೆ ಎರಡು ಸಲ ಹೋಗಿ ನಿಂತಿತು.

ಸಾಫ್ಟ್‌ವೇರಿನವರಿಗೆ ಫೋನು ಮಾಡಿ ಷರಾದ ಜಾಗ ದೊಡ್ಡದು ಮಾಡಿಸಿದ್ದೇನೆ, ಮನೆಯವರ ಮಾತಿಗೆ ಬೇರೆ ಕಾಲಂ ಹಾಕಿಸಿದ್ದೇನೆ. ಡಾಕ್ಟರು ಒಳ್ಳೆಯ ಸುಧಾರಣೆ ಎಂದರು. ಅದು ಯಾಕೆ ಬಂತು ಎಂದು ಅವರಿಗೆ ನಾನು ಇನ್ನೂ ಹೇಳಿಲ್ಲ. ಮೊರ ಅಡುಗೆಮನೆಯಲ್ಲೇ ಇದೆ. ಬೆಳ್ಳುಳ್ಳಿಯನ್ನು ಡಬ್ಬಕ್ಕೆ ಸುರಿದೆ. ಬೆಳಕಿಗೆ ಹಿಡಿದು ಎಲ್ಲಾದರೂ ಒಂದು ಅಕ್ಷರ ಉಳಿದಿದೆಯೇ ಎಂದು ನೋಡಿದೆ. ಆಯಮ್ಮ ಸರಿಯಾಗಿಯೇ ರುಬ್ಬಿದ್ದರು.

ಅಮ್ಮ ಈಗ ಪ್ರತಿ ಸೋಮವಾರ ಬರುತ್ತಾರೆ, ಹೊಸ ಪುಸ್ತಕ ತರುತ್ತಾರೆ. ಕಳೆದ ವಾರ ನಾನು ಕೈ ಚಾಚಿ, ‘ಕೊಡಿ ಅಮ್ಮ, ಫೋಟೊ ತೆಗೆದುಕೊಂಡು ಈಗಲೇ ಕೊಡ್ತೀನಿ’ ಎಂದೆ. ಅವರು ಪುಸ್ತಕವನ್ನು ಮಡಿಲಿನಿಂದ ಎತ್ತಲಿಲ್ಲ. ಕನ್ನಡಕ ಹಾಕಿಕೊಂಡು, ಬೆರಳನ್ನು ಸಾಲಿನ ಮೇಲಿಟ್ಟರು.

‘ನಾ ಓದ್ತೀನಿ, ನೀವು ಬರ್ಕಳಿ’ ಎಂದರು.

ಅವರು ನಿಧಾನಕ್ಕೆ ಓದಿದರು. ನಾನು ಟೈಪ್ ಮಾಡಿದೆ. ಮುಗಿದ ಮೇಲೆ ಅವರು ಪುಸ್ತಕ ಮುಚ್ಚಿ, ಚೀಲದ ತಳಕ್ಕೆ ಇಟ್ಟು, ಅದರ ಮೇಲೆ ಗಂಡನ ಟವಲ್ಲು ಹೊದಿಸಿದರು.